ಹೊಲಕ್ಕೆ ಇಳಿದ ಕೋರ್ಟ್ ಅಮೀನ

ಆ ಅಮೀನನನ್ನು ಹೊಲಕ್ಕೆ ಇಳಿಸಿದವನು ನಾನೇ. ನನಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು ಅನ್ನೋ ಜಂಬದಲ್ಲಿ ಆದ ಕೆಲಸ ಅದು.

ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿಗೆ ಆಗಲೇ ಎಪ್ಪತ್ತು ದಾಟಿತ್ತು. ಅನುವಾದ ಅವರ ಕಸುಬು. ಸೋವಿಯತ್ ಕಾಲದಲ್ಲಿ ಓದಿದವರು. ರಷ್ಯನ್, ಜರ್ಮನ್ ಎರಡೂ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ನಡುವಯಸ್ಸಿನಲ್ಲಿ ತಾವೇ ಕಲಿತದ್ದು. ನಾನು ಅವರನ್ನು ‘ಕುಂದ್ಜೆ’ ಅಂತ ಕರೆಯುತ್ತಿದ್ದೆ, ನಮ್ಮಲ್ಲಿ ‘ಅಮ್ಮಾವ್ರೇ’ ಅಂದ ಹಾಗೆ. ಅವರೂ ನನಗೆ ಬಹುವಚನವೇ. ಒಂದು ವರ್ಷ ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡು ತಿಂದರೂ ಏಕವಚನಕ್ಕೆ ಇಳಿಯಲಿಲ್ಲ.

ಅಕ್ಟೋಬರಿನ ಒಂದು ಶನಿವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಕುಂದ್ಜೆ ಒಂದು ಹಾಳೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಅವರ ಕೈಯಲ್ಲಿ ಆಗ ಒಂದು ಮಕ್ಕಳ ಪುಸ್ತಕವಿತ್ತು. ಮುನ್ನೂರು ವರ್ಷ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿ ಹೇಗಿತ್ತು ಅಂತ ತೋರಿಸುವ ಚಿತ್ರಪುಸ್ತಕ. ಉಳಿದದ್ದೆಲ್ಲ ಮುಗಿದಿದೆ, ಸಾಮಾನುಗಳ ಹೆಸರೇ ಬಾಕಿ ಅಂದರು. ಹಾಳೆಯಲ್ಲಿ ನೂರರ ಹತ್ತಿರ ಪದಗಳು.

“ನೀವು ಇಂಡಿಯಾದವರು. ಇಂಗ್ಲಿಷಿನವರನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದವರು. ನಿಮಗೆ ಗೊತ್ತಿರುತ್ತೆ ಅಲ್ವಾ?”

ಗೊತ್ತಿರುತ್ತೆ ಅಂದೆ. ಮೊದಲ ಪದವೇ ‘ಕ್ವರ್ನ್’. ಜನ್ಮದಲ್ಲಿ ಕೇಳಿರಲಿಲ್ಲ. ನನ್ನ ಇಂಗ್ಲಿಷ್ ಮೀಟಿಂಗು, ಮೇಲು, ಸಂಬಳದ ಚೀಟಿಯ ಇಂಗ್ಲಿಷ್. ಅದರಲ್ಲಿ ಹಿತ್ತಿಲು ಕೊಟ್ಟಿಗೆ ಎಲ್ಲಿಂದ ಬರಬೇಕು? ಕುಂದ್ಜೆ ಪುಸ್ತಕ ತಿರುಗಿಸಿ ಚಿತ್ರ ತೋರಿಸಿದರು. ಒಂದರ ಮೇಲೊಂದು ಎರಡು ದುಂಡು ಕಲ್ಲು, ಮೇಲಿನದಕ್ಕೆ ಒಂದು ಗೂಟ.

“ಅಯ್ಯೋ, ಬೀಸೋ ಕಲ್ಲು!” ಕನ್ನಡದಲ್ಲೇ ಕೂಗಿಬಿಟ್ಟೆ. ಮೇಜಿನ ಮೇಲೆ ಕೈ ಇಟ್ಟು ಗರಗರ ತಿರುಗಿಸಿ ತೋರಿಸಿದೆ. ಎಡಗೈಯಲ್ಲಿ ಒಂದು ಹಿಡಿ ಕಾಳು ಹಾಕಿದ ಹಾಗೂ ಮಾಡಿದೆ. ಅವರು ಅರೆಗಳಿಗೆ ಸುಮ್ಮನೆ ನೋಡಿದರು. ಆಮೇಲೆ ತಾವೂ ರೈ ಬ್ರೆಡ್ಡಿನ ತಟ್ಟೆ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಕೈ ತಿರುಗಿಸಿದರು. ಅವರಜ್ಜಿಯ ಮನೆಯ ಜಗಲಿಯಲ್ಲಿ ಒಂದು ಮುರುಕು ಕಲ್ಲು ಬಿದ್ದಿತ್ತಂತೆ. ಅದರ ಮೇಲೆ ಕೂತು ಆಡಿದ್ದಾರೆ, ಬೀಸಿದ್ದು ನೋಡಿಲ್ಲ. ‘ದ್ಜಿರ್ನವಸ್’ ಅಂದರೆ ಗಿರಣಿ, ಅದರ ಹಿಂದೆ ‘ಕೈ’ ಸೇರಿಸಿದರೆ ಆಯಿತು ಅಂತ ಬರೆದುಕೊಂಡರು. ಬೆಳಗಿನ ಜಾವ ಕತ್ತಲಲ್ಲಿ ಬೀಸುತ್ತಾ ಹೆಂಗಸರು ಹಾಡೋದು ಅವರಲ್ಲೂ ಇತ್ತು. ಕ್ರಿಶ್ಯಾನಿಸ್ ಬರೋನ್ಸ್ ಅನ್ನುವವರು ಎರಡು ಲಕ್ಷಕ್ಕೂ ಮೀರಿ ಜನಪದ ಹಾಡುಗಳನ್ನು ಒಪ್ಪ ಮಾಡಿ, ಚೀಟಿಗಳಲ್ಲಿ ಬರೆದು, ಒಂದು ಮರದ ಬೀರುವಿನ ಸಣ್ಣ ಸಣ್ಣ ಗೂಡುಗಳಲ್ಲಿ ಜೋಡಿಸಿದ್ದರು. ಆ ಬೀರು ಈಗ ರೀಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಬೀಸುವ ಹಾಡುಗಳಿಗೂ ಅದರಲ್ಲಿ ಜಾಗ ಇದೆ. ನಮ್ಮ ಬೀಸುವ ಪದ ಮೂರು ಸಾಲು, ಅವರದು ನಾಲ್ಕು.

ಆಮೇಲೆ ಕೆಲಸ ಸಲೀಸಾಯಿತು. ಇಂಗ್ಲಿಷ್ ಪದವನ್ನು ಅತ್ತ ಇಡೋದು, ಕೈ ಏನು ಮಾಡುತ್ತಿತ್ತು ಅಂತ ಕೇಳೋದು. ನೊಗ, ಕುಡಗೋಲು, ಕದಿರು, ಬುಟ್ಟಿ ಎಲ್ಲ ದಡದಡ ಮುಗಿದವು. ಅಡುಗೆಮನೆಯಲ್ಲಿ ಇಬ್ಬರು ಮೂಕಾಭಿನಯ ಮಾಡುತ್ತಿರೋದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ಅಷ್ಟರಲ್ಲಿ ‘ಬೇಲಿಫ್’ ಬಂತು.

ಇದಕ್ಕೆ ನಾನು ಯೋಚನೆಯನ್ನೇ ಮಾಡಲಿಲ್ಲ. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ಜಮೀನು ವ್ಯಾಜ್ಯ ವರ್ಷಗಟ್ಟಲೆ ಎಳೆದಿತ್ತು. ನೋಟಿಸು ಹಿಡಿದು ಬರುತ್ತಿದ್ದ ಅಮೀನರಿಗೆ ಕಾಫಿ ಕೊಟ್ಟು ಬೆಳೆದವನು ನಾನು. “ಕೋರ್ಟಿನ ಮನುಷ್ಯ. ನೋಟಿಸು ಕೊಡ್ತಾನೆ, ಜಪ್ತಿ ಮಾಡ್ತಾನೆ” ಅಂದೆ. ಕುಂದ್ಜೆ ತಲೆಯಾಡಿಸಿ ‘ತಿಯೆಸು ಇಜ್ಪಿಲ್ದೀತಾಯ್ಸ್’ ಅಂತ ಬರೆದರು. ಇವತ್ತಿಗೂ ಲಾಟ್ವಿಯಾದಲ್ಲಿ ಸಾಲದ ವಸೂಲಿಗೆ ಬರುವ ಅಧಿಕಾರಿಯ ಹೆಸರು ಅದೇ.

ಮಧ್ಯಾಹ್ನ ಬರೆದದ್ದನ್ನು ಪುಟಕ್ಕೆ ಹೊಂದಿಸುತ್ತಾ ಓದತೊಡಗಿದರು. ಒಂದು ಪುಟದಲ್ಲಿ ನಿಂತರು. ಕನ್ನಡಕ ತೆಗೆದರು. ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಚಿತ್ರದಲ್ಲಿ ಗೋಧಿ ಕೊಯ್ಲು. ಹೆಂಗಸರು ಬಗ್ಗಿ ಕೊಯ್ಯುತ್ತಿದ್ದಾರೆ, ಮರದಡಿ ಒಬ್ಬ ಕೋಲು ಹಿಡಿದು ನಿಂತಿದ್ದಾನೆ. ಅವರು ಬರೆದದ್ದನ್ನು ಕನ್ನಡಕ್ಕೆ ತಂದರೆ ಹೀಗಿತ್ತು: ‘ಕೊಯ್ಲಿನ ದಿನ ಕೋರ್ಟ್ ಅಮೀನರು ಬೆಳಗಿನಿಂದ ಹೊಲದಲ್ಲೇ ಇರುತ್ತಿದ್ದರು.’

ನನಗೂ ನಗು ತಡೆಯಲಿಲ್ಲ. ಅದು ಜಮೀನ್ದಾರನ ಹೊಲ ನೋಡಿಕೊಳ್ಳುವವನು ಅಂತ ಗೊತ್ತಾಗಲು ಚಿತ್ರವೇ ಬೇಕಾಯಿತು.

“ಹಾಗಾದರೆ ಇವನು ವಗರ್ಸ್” ಅಂದರು ಕುಂದ್ಜೆ. ಅಂದದ್ದೇ ನಗು ನಿಂತುಹೋಯಿತು.

ವಗರ್ಸ್ ಅಂದರೆ ಬರೀ ಮೇಲ್ವಿಚಾರಕ ಅಲ್ಲ. ಲಾಟ್ವಿಯಾದಲ್ಲಿ ಜಮೀನು ಶತಮಾನಗಳ ಕಾಲ ಜರ್ಮನ್ ಮಾತಾಡುವ ಬ್ಯಾರನ್ನರ ಕೈಯಲ್ಲಿತ್ತು. ಅವರ ದೊಡ್ಡ ಜಮೀನು, ಬಂಗಲೆ ಎಲ್ಲ ಸೇರಿ ‘ಮುಯ್ಜ’. ಲಾಟ್ವಿಯನ್ ರೈತರು ಆ ಮಣ್ಣಿಗೆ ಕಟ್ಟುಬಿದ್ದ ಜೀತದಾಳುಗಳು. ಕುರ್ಜೆಮೆ ಸೀಮೆಯಲ್ಲಿ 1817ರಲ್ಲಿ, ವಿಡ್ಜೆಮೆ ಸೀಮೆಯಲ್ಲಿ 1819ರಲ್ಲಿ ಜೀತ ಹೋಯಿತು. ಲಾಟ್ಗಲೆಯಲ್ಲಿ 1861ರ ತನಕ ಕಾಯಬೇಕಾಯಿತು. ಅದೂ ಎಂಥ ಬಿಡುಗಡೆ? ಆಳು ಸ್ವತಂತ್ರ, ಜಮೀನು ಬ್ಯಾರನ್ನನದೇ. ಹಾಗಾಗಿ ಗೇಣಿಯ ಬದಲು ಬಿಟ್ಟಿ ದುಡಿಮೆ ಇನ್ನೂ ಎಷ್ಟೋ ವರ್ಷ ನಡೆಯಿತು. ಅದಕ್ಕೆ ‘ಕ್ಲೌಶಸ್’ ಅಂತ ಹೆಸರು. ಆ ದುಡಿಮೆಯ ಮೇಲೆ ಕೋಲು ಹಿಡಿದು ನಿಲ್ಲುತ್ತಿದ್ದವನೇ ವಗರ್ಸ್. ಎಷ್ಟೋ ಸಲ ಅವನೂ ಲಾಟ್ವಿಯನ್ನನೇ.

“ಇಂಗ್ಲಿಷ್ ಪುಸ್ತಕದಲ್ಲಿ ಇವನು ಸುಮ್ನೆ ನಿಂತಿದ್ದಾನೆ. ನಾನು ವಗರ್ಸ್ ಅಂತ ಬರೆದರೆ ನಮ್ಮ ಮಗುವಿನ ಅಜ್ಜಿ ಓದುವಾಗ ಅವನು ಹೊಡೀತಾನೆ” ಅಂದರು.

ನನಗೆ ನಮ್ಮ ಕಾಫಿ ತೋಟಗಳ ನೆನಪಾಯಿತು. ಬಿಳಿಯ ತೋಟದ ಮಾಲೀಕರನ್ನು ನಮ್ಮ ಕಡೆ ‘ದೊರೆ’ ಅನ್ನುತ್ತಿದ್ದರು. ದೊರೆಯ ಕೆಳಗೆ ರೈಟರು, ರೈಟರ ಕೆಳಗೆ ಮೇಸ್ತ್ರಿ. ‘ರೈಟರು’ ಅಂದರೆ ಇಂಗ್ಲೆಂಡಿನವರಿಗೆ ಕಥೆ ಕಾದಂಬರಿ ಬರೆಯುವವರು. ನಮ್ಮ ಆಳುಗಳಿಗೆ ಹಾಜರಿ ಪುಸ್ತಕ ಹಿಡಿದು ಅರ್ಧ ದಿನದ ಕೂಲಿ ಹೊಡೆದುಹಾಕುವವರು. ಇದನ್ನು ಹೇಳಿದಾಗ ಕುಂದ್ಜೆ ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಕೂತರು. ಕೊನೆಗೆ ‘ವಗರ್ಸ್’ ಅಳಿಸಿ ‘ಮುಯ್ಜದ ಮೇಲ್ವಿಚಾರಕ’ ಅನ್ನೋ ಅರ್ಥದ ಸಪ್ಪೆ ಪದ ಬರೆದರು. ರಬ್ಬರ್ ಸರಿಯಾಗಿ ಉಜ್ಜಲಿಲ್ಲ. ಹಾಳೆಯಲ್ಲಿ ಹಳೇ ಪದ ಅಡಿಯಿಂದ ಕಾಣುತ್ತಲೇ ಇತ್ತು.

ಮರುದಿನ ‘ಥ್ರೆಶಿಂಗ್ ಬಾರ್ನ್’ ಅನ್ನುವುದಕ್ಕಾಗಿ ಇಬ್ಬರೂ ಬಸ್ಸು ಹತ್ತಿದೆವು. ಕಣ ಅಂದರೆ ನನಗೆ ಬಯಲು, ಬಿಸಿಲು, ಸುತ್ತು ಹೊಡೆಯುವ ಎತ್ತು. ಅದಕ್ಕೊಂದು ಮನೆ ಯಾಕೆ ಅಂತ ನಾನು ಪಟ್ಟು ಹಿಡಿದಿದ್ದೆ. “ಬನ್ನಿ, ತೋರಿಸ್ತೀನಿ” ಅಂತ ಯುಗ್ಲ ಸರೋವರದ ದಡದ ಬಯಲು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. 1924ರಲ್ಲಿ ಸ್ಥಾಪನೆಯಾದ ಜಾಗ. ಲಾಟ್ವಿಯಾದ ಮೂಲೆಮೂಲೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಪೈನ್ ಮರಗಳ ನಡುವೆ ಮತ್ತೆ ನಿಲ್ಲಿಸಿದ್ದಾರೆ.

ಅಲ್ಲಿ ‘ರಿಯ’ ನೋಡಿದೆ. ದಪ್ಪ ದಿಮ್ಮಿಗಳ ಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು. ಒಳಗೆ ಕಪ್ಪು. ಕತ್ತಲೆಯ ಕಪ್ಪಲ್ಲ, ಮಸಿಯ ಕಪ್ಪು. ಮೂಲೆಯಲ್ಲಿ ಕಲ್ಲಿನ ದೊಡ್ಡ ಒಲೆ, ಅದಕ್ಕೆ ಚಿಮಣಿ ಇಲ್ಲ. ತಲೆಯ ಮೇಲೆ ಅಡ್ಡಕ್ಕೆ ಉದ್ದುದ್ದ ಗಳುಗಳು. ಅಲ್ಲಿ ಶರತ್ಕಾಲ ಅಂದರೆ ಮಳೆ. ಕೊಯ್ದ ತೆನೆ ಬಿಸಿಲಿಗೆ ಒಣಗುವ ಮಾತೇ ಇಲ್ಲ. ಅದಕ್ಕೆ ಸಿವುಡುಗಳನ್ನು ಆ ಗಳುಗಳ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ, ಹೊಗೆ ಮತ್ತು ಕಾವಿನಲ್ಲಿ ಒಣಗಿಸುತ್ತಿದ್ದರು. ಆಮೇಲೆ ಇಳಿಸಿ, ಚರ್ಮದ ಪಟ್ಟಿಯಿಂದ ಜೋಡಿಸಿದ ಎರಡು ಕೋಲಿನ ‘ಸ್ಪ್ರಿಗುಲಿಸ್’ನಿಂದ ಬಡಿಯುತ್ತಿದ್ದರು. ಮುಯ್ಜದ ರಿಯಕ್ಕೆ ನಡುರಾತ್ರಿಯೇ ಎದ್ದು ಹೋಗಬೇಕಿತ್ತು. ಹಗಲಿಗೆ ಬೇರೆ ಕೆಲಸ ಕಾದಿರುತ್ತಿತ್ತಲ್ಲ.

ನಾನು ಮೂಗು ಗೋಡೆಗೆ ಹತ್ತಿರ ತಂದೆ. ಬೆಂಕಿ ಆರಿ ಎಷ್ಟು ಕಾಲವಾಗಿದೆಯೋ, ಹೊಗೆಯ ವಾಸನೆ ಇನ್ನೂ ಇತ್ತು. ನಮ್ಮ ಅಡುಗೆಮನೆಯ ಮೇಲಿನ ಅಟ್ಟದ ವಾಸನೆ. ಮಳೆಗಾಲದಲ್ಲಿ ಒಣಗದ ಅಡಿಕೆ, ಮೆಣಸು ಎಲ್ಲ ಅಲ್ಲಿಗೇ ಹೋಗುತ್ತಿತ್ತು. “ಗೊತ್ತಾಯಿತು” ಅಂದೆ. ಇಂಗ್ಲಿಷ್ ಪದದಲ್ಲಿ ಬೆಂಕಿ ಇರಲಿಲ್ಲ. ರಿಯ ಅಂದ ಕೂಡಲೆ ಲಾಟ್ವಿಯನ್ನರಿಗೆ ಬೆಂಕಿ ಕಾಣುತ್ತೆ. ಇಂಗ್ಲೆಂಡಿನ ಬಾರ್ನಿಗೆ ಇಲ್ಲದ ಒಲೆಯನ್ನು ತಂದು ಕೂರಿಸಬಹುದಾ? ಕೂರಿಸಬಾರದು ಅಂತ ನಾನು. ಬೇರೆ ಪದವೇ ಇಲ್ಲವಲ್ಲ ಅಂತ ಅವರು. ಅಲ್ಲೇ ಹೊಸ್ತಿಲ ಮೇಲೆ ನಿಂತು ಹತ್ತು ನಿಮಿಷ ವಾದ ಮಾಡಿದೆವು. ಅವರೇ ಗೆದ್ದರು. ರಿಯ ಉಳಿಯಿತು.

ಪಕ್ಕದ ಕಣಜದ ಮನೆಯಲ್ಲಿ ಮರದ ಒಂದು ದೊಡ್ಡ ಅಳತೆ ಪಾತ್ರೆ. ‘ಪೂರ್ಸ್’ ಅಂದರು. ಸುಮಾರು 70 ಲೀಟರ್ ಹಿಡಿಯುತ್ತೆ. ಪುಸ್ತಕದಲ್ಲಿದ್ದದ್ದು ‘ಬುಷೆಲ್’, ಅದು ಅದರ ಅರ್ಧ. ಒಂದು ಪೂರ್ಸ್ ಬೀಜ ಬಿತ್ತುವಷ್ಟು ನೆಲಕ್ಕೆ ‘ಪೂರ್ವಿಯೆತ’ ಅಂತಾರಂತೆ. ನಾವು ಖಂಡುಗದ ಗದ್ದೆ, ಕೊಳಗದ ಗದ್ದೆ ಅನ್ನಲ್ವಾ, ಹಾಗೇ. ಇಂಗ್ಲಿಷಿನವರ ಎಕರೆ ಮಾತ್ರ ಎತ್ತಿನ ಲೆಕ್ಕ. ಒಂದು ಜೋಡಿ ಒಂದು ದಿನದಲ್ಲಿ ಉಳುವಷ್ಟು ನೆಲ.

ಇಂಗ್ಲಿಷ್, ಲಾಟ್ವಿಯನ್ ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕೂಡಿದ್ದು ‘ಫಾರ್ದಿಂಗ್’ನಲ್ಲಿ. ಪೆನ್ನಿಯ ಕಾಲುಭಾಗ, ಇಂಗ್ಲೆಂಡಿನಲ್ಲಿ 1960ರ ಕೊನೆಗೆ ಚಲಾವಣೆ ನಿಂತಿತು. ಲಾಟ್ವಿಯನ್ನಿನ ‘ವೇರ್ದಿನ್ಶ್’ ಕೂಡ ಜರ್ಮನ್ನಿನ ಕಡೆಯಿಂದ ಬಂದ ‘ಕಾಲು’. ನಮ್ಮಲ್ಲೂ ಹಣದ ಕಾಲುಭಾಗಕ್ಕೆ ‘ಹಾಗ’ ಅಂತ ಇತ್ತು ಅಂದೆ. ಅವರು ಹಾಳೆಯ ಅಂಚಿನಲ್ಲಿ ಅದನ್ನೂ ಬರೆದುಕೊಂಡರು, ‘ಹಾ’ ದೀರ್ಘಕ್ಕೆ ತಲೆಯ ಮೇಲೊಂದು ಅಡ್ಡಗೆರೆ ಎಳೆದು. ಲಾಟ್ವಿಯನ್ನಿನಲ್ಲಿ ದೀರ್ಘ ತೋರಿಸೋದು ಹೀಗೇ. ಕನ್ನಡದ ಹೆಸರಿನ ದೀರ್ಘ ನುಂಗದೆ ಬರೆದ ಯುರೋಪಿನವರು ಅಂದರೆ ನನ್ನ ಮಟ್ಟಿಗೆ ಇವರೇ.

ವಾಪಸು ಬಸ್ಸಿನಲ್ಲಿ ಉಳಿದದ್ದು ಎರಡು ಪದ. ‘ರಷ್‌ಲೈಟ್’ ಅಂದರೆ ಜೊಂಡಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ಉರಿಸುವ ದೀಪ. ಲಾಟ್ವಿಯನ್ನರ ಮನೆಯಲ್ಲಿ ಉರಿಯುತ್ತಿದ್ದದ್ದು ‘ಸ್ಕಲ್ಸ್’, ಸೀಳಿದ ಮರದ ಚಕ್ಕೆ. ಅದಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಇನ್ನೊಂದು ‘ಲಾರ್ಡ್’. ಅದಕ್ಕೆ ‘ಕುಂಗ್ಸ್’ ಅಂತ ತಕ್ಷಣ ಬರೆದರು.

“ಹಾಗಾದ್ರೆ ಕುಂದ್ಜೆ ಅಂದ್ರೆ?”

“ಕುಂಗ್ಸನ ಹೆಂಡತಿ. ಮುಯ್ಜದ ಒಡತಿ.” ನಕ್ಕರು. ಸೋವಿಯತ್ ಕಾಲದಲ್ಲಿ ಎಲ್ಲರೂ ‘ಬಿಯೆದ್ರ್ಸ್’, ಸಂಗಾತಿ. 1991ರಲ್ಲಿ ಸ್ವಾತಂತ್ರ್ಯ ಮರಳಿದ ಮೇಲೆ ಕುಂಗ್ಸ್, ಕುಂದ್ಜೆ ಮತ್ತೆ ಬಂದವು. “ಈಗ ಅಂಗಡಿ ಹುಡುಗಿ ಕೂಡ ಹಾಗೇ ಕರೀತಾಳೆ. ಮೊದಮೊದಲು ಹಿಂದೆ ತಿರುಗಿ ನೋಡ್ತಿದ್ದೆ, ಯಾರನ್ನ ಕರೀತಿದ್ದಾಳೆ ಅಂತ.”

ಇಳಿಯುವ ಮುಂಚೆ ಪೆನ್ಸಿಲ್ ತೆಗೆದರು. “ನಿನ್ನೆ ಆ ಕಲ್ಲಿಗೆ ಏನಂತ ಕೂಗಿದ್ರಿ?”

“ಬೀಸೋ ಕಲ್ಲು.”

‘ಬೀ’ಗೆ ಗೆರೆ ಎಳೆದರು. ‘ಸೋ’ ಹತ್ತಿರ ಪೆನ್ಸಿಲ್ ನಿಂತಿತು. ಓ ಅಕ್ಷರದ ತಲೆಗೆ ಗೆರೆ ಎಳೆಯೋದು ಅವರ ಬರವಣಿಗೆಯಲ್ಲಿ ಹಿಂದೆ ಇತ್ತಂತೆ. 1946ರಲ್ಲಿ ತೆಗೆದುಹಾಕಿದರು. “ನಮ್ಮಮ್ಮ ಕಾಗದದಲ್ಲಿ ಕೊನೇವರೆಗೂ ಬರೀತಿದ್ದರು. ನಾನು ಶಾಲೆಯಲ್ಲಿ ಕಲೀಲೇ ಇಲ್ಲ” ಅಂದರು. ಬಸ್ಸು ಸಿಗ್ನಲ್ಲಿನಲ್ಲಿ ನಿಲ್ಲುವ ತನಕ ಕಾದು, ಕೈ ಅಲುಗದ ಹಾಗೆ ಆ ಗೆರೆ ಎಳೆದರು.