12ನೇ ಪಿನ್ನು

ಮೇಜು ಸರಿಸಿ ಕಂಪ್ಯೂಟರ್ ಮತ್ತೆ ಜೋಡಿಸಿದ್ದೇ ತಡ, ಲಿನಕ್ಸ್ ಪರದೆಯ ರೆಸಲ್ಯೂಶನ್ 1024×768ಕ್ಕೆ ಇಳಿದು ಕೂತಿತು. ಅಕ್ಷರಗಳೆಲ್ಲ ಊದಿಕೊಂಡಿದ್ದವು, ಗುಂಡಗಿನ ಐಕಾನುಗಳು ಅಡ್ಡ ಮಲಗಿದ ಮೊಟ್ಟೆಗಳಾಗಿದ್ದವು. ಸೆಟ್ಟಿಂಗ್ಸ್‌ನಲ್ಲಿ 1920×1080 ಇಲ್ಲವೇ ಇಲ್ಲ! ಸಿವಿಟಿ ಕಮಾಂಡ್‌ನಿಂದ ಮೋಡ್‌ಲೈನ್, ಅಂದರೆ ಆ ರೆಸಲ್ಯೂಶನ್ನಿನ ವಿವರದ ಸಾಲು, ತೆಗೆದು ಪರದೆಯ ರೆಸಲ್ಯೂಶನ್ ಬದಲಿಸುವ ಎಕ್ಸ್‌ರಾಂಡ್‌ಆರ್ ಕಮಾಂಡ್‌ಗೆ ಉಣಿಸಿದೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಸರಿಯಾಯಿತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಮೊಟ್ಟೆ. ಹಾಗೆ ಸೇರಿಸಿದ ಮೋಡ್ ರೀಸ್ಟಾರ್ಟ್ ದಾಟಿ ಉಳಿಯುವುದಿಲ್ಲ ಅಲ್ವಾ, ಮರೆತೇಬಿಟ್ಟಿದ್ದೆ.

ಕೊನೆಗೆ ಮಾನಿಟರಿನ ವಿಜಿಎ ಕೇಬಲ್ ಕಿತ್ತು ನೋಡಿದೆ. 12ನೇ ಪಿನ್ನು ಬಗ್ಗಿ ಪಕ್ಕಕ್ಕೆ ಒರಗಿತ್ತು. ಮಾನಿಟರ್ ತಾನು ತೋರಿಸಬಲ್ಲ ಅಳತೆಗಳ ವಿವರವನ್ನು, ಅಂದರೆ ಇಡಿಐಡಿಯನ್ನು, ಕಂಪ್ಯೂಟರಿಗೆ ಕಳಿಸುವುದು ಆ ದಾರಿಯಲ್ಲೇ. ಚಿತ್ರ ಬರುತ್ತಿತ್ತು, ಮಾನಿಟರಿನ ಮಾತು ಮಾತ್ರ ತಲುಪುತ್ತಿರಲಿಲ್ಲ. ಎದುರಿಗೆ ಕಾಣುತ್ತಿದ್ದಾರೆ ಅಂದ ಮಾತ್ರಕ್ಕೆ ಹೇಳಿದ್ದೆಲ್ಲ ಕೇಳಿಸುತ್ತಿದೆ ಅಂದುಕೊಳ್ಳುವುದು ನನ್ನ ಹಳೇ ಚಾಳಿ, ಮನುಷ್ಯರ ವಿಷಯದಲ್ಲೂ. ಸುಮ್ನೆ ಎರಡು ಗಂಟೆ ಟರ್ಮಿನಲ್ ಜೊತೆ ಜಗಳ ಆಡಿದೆ. ಚಿಮಟದಲ್ಲಿ ಪಿನ್ನು ನೆಟ್ಟಗೆ ಮಾಡಲು ಅರ್ಧ ನಿಮಿಷ ಸಾಕಾಯಿತು.