ಭಾವನ ಲಿವರ್, ಅಕ್ಕನ ನೆಲ್ಲಿಕಾಯಿ

ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನು. 'ಲಿವರ್ ಸಿಕ್ಕಿದೆ, ತಕ್ಷಣ ಬನ್ನಿ. ಊಟ, ನೀರು ಏನೂ ಕೊಡಬೇಡಿ.' ದಾನಿಗಳ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಭಾವನ ಹೆಸರು ಬರೆಸಿ 9 ತಿಂಗಳಾಗಿತ್ತು. ಬನಶಂಕರಿಯಿಂದ ಹೊರಟರೆ ರಸ್ತೆಯೆಲ್ಲ ಖಾಲಿ. ಬೆಂಗಳೂರು ಹೀಗೂ ಇರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಸಹಿ ಹಾಕಿಸಿಕೊಳ್ಳಲು ಅರಿವಳಿಕೆ ಡಾಕ್ಟರ್ ಬಂದರು. ಅಕ್ಕ ತಡೆಯಲಾರದೆ ಕೇಳಿದಳು: "ಡಾಕ್ಟ್ರೇ, ದಿನಾ ನೆಲ್ಲಿಕಾಯಿ ರಸ ಕೊಟ್ಟಿದ್ದೀನಿ. ಆಂಟಿಆಕ್ಸಿಡೆಂಟ್ ಅಂತಾರಲ್ಲ, ಹೊಸ ಲಿವರ್‌ಗೆ ಅದು ಸಾಕಾಗಲ್ವಾ?"

ನನಗೆ ಮುಜುಗರ. ಅವರು ನಗಲಿಲ್ಲ. "ಬದನೆಕಾಯಿ ಹೆಚ್ಚಿ ಏನ್ಮಾಡ್ತೀರಮ್ಮ?"

"ಉಪ್ಪುನೀರಿಗೆ ಹಾಕ್ತೀನಿ, ಕಪ್ಪಾಗದ ಹಾಗೆ."

"ನಾವೂ ಹೆಚ್ಚುಕಮ್ಮಿ ಅದನ್ನೇ ಮಾಡೋದು."

ದಾನಿಯ ಲಿವರ್‌ನಿಂದ ರಕ್ತ ತೊಳೆದು ತಣ್ಣನೆಯ ದ್ರಾವಣ ತುಂಬುತ್ತಾರಂತೆ. ಹೆಚ್ಚಾಗಿ ಬಳಸುವ ಒಂದು ದ್ರಾವಣ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ತಯಾರಾದದ್ದು. ಅದರಲ್ಲಿ ಗ್ಲುಟಾಥಯೋನ್ ಅನ್ನೋ ಆಂಟಿಆಕ್ಸಿಡೆಂಟ್ ಇದೆ, ಅಲೋಪ್ಯುರಿನಾಲ್ ಇದೆ. ಎರಡನೆಯದು ಅಪ್ಪ ಯೂರಿಕ್ ಆಸಿಡ್‌ಗೆ ನುಂಗುತ್ತಿದ್ದ ಅದೇ ಮಾತ್ರೆಯ ಔಷಧಿ! ಹಾಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿಟ್ಟು ತರುತ್ತಾರೆ.

ರಕ್ತ ಇಲ್ಲದೆ ಲಿವರ್ ಕೆಡುತ್ತೆ ಅಂತಷ್ಟೇ ನಾನು ತಿಳಿದಿದ್ದೆ. ರಕ್ತ ವಾಪಸ್ ಬರುವ ಗಳಿಗೆಯೇ ಇನ್ನೊಂದು ಗಂಡಾಂತರ ಅಂದರು. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಊದಿದ ಹಾಗೆ. ರಕ್ತನಾಳ ಹಿಡಿದಿಟ್ಟ ಕ್ಲ್ಯಾಂಪ್ ಬಿಟ್ಟ ತಕ್ಷಣ ಆಮ್ಲಜನಕ ನುಗ್ಗಿ, ಜೀವಕೋಶ ಸುಡುವ ಕಣಗಳು ಹುಟ್ಟುತ್ತವೆ. ಆಂಟಿಆಕ್ಸಿಡೆಂಟ್ ತಡೆಯೋದು ಇವನ್ನೇ. ಬಿಪಿ ಕುಸಿಯಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಪ್ಯಾರಾಸಿಟಮಾಲ್ ಜಾಸ್ತಿಯಾಗಿ ಲಿವರ್ ಕೆಟ್ಟವರಿಗೆ ಕೊಡುವ ಅಸಿಟೈಲ್‌ಸಿಸ್ಟೀನ್ ಡ್ರಿಪ್ಪನ್ನು ಇದಕ್ಕೂ ಕೆಲವರು ಹಾಕುತ್ತಾರಂತೆ.

"ಕೆಲವು ಅಧ್ಯಯನದಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ಅದೊಂದನ್ನೇ ನಂಬಿ ಕೂರೋಕಾಗಲ್ಲ. ತಡಮಾಡದೆ ಜೋಡಿಸಬೇಕು, ಅದು ಮುಖ್ಯ."

ನೆಲ್ಲಿಕಾಯಿಗೆ ಉತ್ತರ ಸಿಗಲಿಲ್ಲ. ಅಥವಾ ಸಿಕ್ಕಿತ್ತು, ಅಲ್ವಾ?

ಬೆಳಗಿನ ಜಾವ ನರ್ಸ್ ಹೊರಗೆ ಬಂದು, "ರಕ್ತ ಬಿಟ್ಟರು. ಬಿಪಿ ಬಿದ್ದಿತ್ತು, ಈಗ ಪರವಾಗಿಲ್ಲ. ಪಿತ್ತ ಬರ್ತಿದೆ" ಅಂದರು. ಪಿತ್ತ ಬಂದರೆ ಲಿವರ್ ಕೆಲಸ ಶುರುಮಾಡಿದೆ ಅಂತ. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಮೂರು ವಾರಕ್ಕೆ ಭಾವ ಮನೆಗೆ ಬಂದರು. ಚಿಕ್ಕಮ್ಮ ದೇವನಹಳ್ಳಿ ಚಕ್ಕೋತ ಹೊತ್ತು ತಂದಿದ್ದರು, "ವಿಟಮಿನ್ ಸಿ ಜಾಸ್ತಿ, ಒಳ್ಳೇದು" ಅಂತ. ಆದರೆ ಚಕ್ಕೋತ ತಿಂದರೆ, ಹೊಸ ಲಿವರನ್ನು ದೇಹ ತಿರಸ್ಕರಿಸದ ಹಾಗೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟ ರಕ್ತದಲ್ಲಿ ಏರಬಹುದಂತೆ. ಭಾವನಿಗೆ ಬೇಡವೇ ಬೇಡ ಅಂದಿದ್ದರು.

ಉಪ್ಪು ಖಾರ ಹಚ್ಚಿಕೊಂಡು ನಾವೇ ತಿಂದೆವು. ಭಾವ ನೋಡುತ್ತಾ ಕೂತಿದ್ದರು.