ಧಕ್ಕೆಯಿಂದ ಮಂಗಳೂರು

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಹತ್ತರ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬಿಜೈ ನಿಲ್ದಾಣ. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ. ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್ ಬಳಿ ಗುಡ್ಡ ಜರಿದರೆ ಶಿರಾಡಿ ಘಾಟಿ ಬಂದ್. ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಬೇಕು.

ಹಗಲು ರೈಲು ಸಿಕ್ಕರೆ ಅದೇ ಮೇಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. 50 ಮೀಟರಿಗೆ ಒಂದು ಮೀಟರ್ ಇಳಿಜಾರು, ಹಾಗಾಗಿ ಗಾಡಿ ತೆವಳುತ್ತದೆ. ಕಿಟಕಿ ಪಕ್ಕ ಕೂತವರಿಗೆ ಲಾಭ. ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ: ಜಂಕ್ಷನ್ ಇರುವುದು ಪಡೀಲಿನ ಕಡೆ, ಪೇಟೆಗೆ ಹತ್ತಿರದ್ದು ಸೆಂಟ್ರಲ್.

ಇಳಿದ ಕೂಡಲೇ ಪಣಂಬೂರು ಬೀಚಿಗೆ ಓಡುವುದು ನಮ್ಮ ಊರಿನವರ ಚಾಳಿ. ಬೀಚು ಸಂಜೆಗೂ ಇರುತ್ತದೆ. ಹಳೆ ಬಂದರಿನ ಧಕ್ಕೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆ, ಬೆಳಗಿನದ್ದು. ಆರು ಗಂಟೆಯೊಳಗೆ ಅಲ್ಲಿರಬೇಕು. ಮಂಜುಗಡ್ಡೆಯ ನೀರು, ಮೀನಿನ ಲೋಳೆ ಸೇರಿ ನೆಲ ಜಾರುತ್ತದೆ, ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿ. ತಲೆಹೊರೆಯವರಿಗೆ ದಾರಿ ಬಿಡಿ, ಅವರು ನಿಲ್ಲುವುದಿಲ್ಲ. ಪರ್ಸೀನ್ ಬೋಟುಗಳು ಮೇಲ್ನೀರಿನಲ್ಲಿ ಹಿಂಡಾಗಿ ಈಜುವ ಬಂಗುಡೆ, ಬೂತಾಯಿಗೆ ಬಲೆ ಸುತ್ತಿ ಬೇಗ ಮರಳುತ್ತವೆ. ಟ್ರಾಲ್ ಬೋಟುಗಳು ತಳ ಗೋರುತ್ತ ದಿನಗಟ್ಟಲೆ ಕಡಲಲ್ಲಿದ್ದು ಸಿಗಡಿ, ಬೊಂಡಾಸ್ (ಸ್ಕ್ವಿಡ್) ತರುತ್ತವೆ. ಅಂದರೆ ‘ಇವತ್ತು ಬಂದದ್ದು’ ಎಂದರೆ ಇವತ್ತು ಹಿಡಿದದ್ದು ಎಂದೇ ಅಲ್ಲ! ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿದೆಯೇ, ಒತ್ತಿದ ಮಾಂಸ ಮರಳಿ ಏಳುತ್ತದೆಯೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಸಿಗುವುದು ನಾಡದೋಣಿಯ ಅಲ್ಪಸ್ವಲ್ಪ, ಇಲ್ಲವೇ ಹೊರಗಿನ ಐಸ್ ಮೀನು, ದರವೂ ಏರುತ್ತದೆ.

ಊರಿನ ದುಡಿಮೆಯೆಲ್ಲ ನೀರಿನ ಆಸುಪಾಸಿನದೇ. ನದೀಬಯಲಿನ ಜೇಡಿಮಣ್ಣು ನಂಬಿ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ವ್ಯಾಪಾರದ ಹಣದ ಬೆನ್ನಿಗೆ ಬ್ಯಾಂಕುಗಳೂ ಇಲ್ಲೇ ಹುಟ್ಟಿದವು: 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯಾ. ಹಳೆ ಬಂದರಿನ ಅಳಿವೆಗೆ (ನದಿ ಕಡಲು ಸೇರುವ ಬಾಯಿಗೆ) ದೊಡ್ಡ ಹಡಗು ಬಾರದು. ಅದಕ್ಕೇ 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು. ಕಚ್ಚಾತೈಲ ಒಳಗೆ, ಕಾಫಿ ಹೊರಗೆ.

ಮಧ್ಯಾಹ್ನದ ಬೆವರಿಗೆ ಸಂತ ಅಲೋಶಿಯಸ್ ಚಾಪೆಲ್ ಒಳ್ಳೆಯದು. ಗೋಡೆ, ಚಾವಣಿ ತುಂಬ ಇಟಲಿಯ ಕಲಾವಿದ ಮೊಸ್ಕೇನಿಯ ಚಿತ್ರಗಳು. ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರ ವಿಗ್ರಹವನ್ನು ಬಿಡಬೇಡಿ. ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿದರೆ ತಣ್ಣೀರುಬಾವಿ ಬೀಚು. ದೋಣಿ ಓಡಾಟ ನಿಂತಿದ್ದರೆ ಕೂಳೂರು ಸೇತುವೆ ಸುತ್ತಬೇಕು. ಮಳೆಗಾಲದಲ್ಲಿ ನೀರಿಗಿಳಿಯಬೇಡಿ, ಒಳಸೆಳೆತ ಮೊಣಕಾಲುದ್ದದಲ್ಲೇ ಕಾಲು ಕೀಳುತ್ತದೆ.

ತಿನ್ನಲು ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಹುಳಿಖಾರದ ಬಂಗುಡೆ ಪುಳಿಮುಂಚಿ, ನಾಲ್ಕು ಗಂಟೆಗೆ ಗೋಳಿಬಜೆ. ಕೋರಿರೊಟ್ಟಿಯ ಗರಿಗರಿ ಅಕ್ಕಿರೊಟ್ಟಿಗೆ ಕೋಳಿಸಾರು ಹೊಯ್ದು ಫೋಟೋ ತೆಗೆಯುತ್ತ ಕೂತರೆ ರೊಟ್ಟಿ ಮುದ್ದೆಯಾಗುತ್ತದೆ.

ಮೀನು ಒಯ್ಯುವವರು ಥರ್ಮಾಕೋಲ್ ಪೆಟ್ಟಿಗೆಗೆ ಮೀನಿನ ತೂಕದಷ್ಟೇ ಪುಡಿ ಐಸ್ ಹಾಕಿಸಿ, ಒಂದು ಪದರ ಐಸ್, ಒಂದು ಪದರ ಮೀನು. ಮುಚ್ಚಳದ ಸುತ್ತ ಟೇಪ್ ಸುತ್ತಿ, ಪೆಟ್ಟಿಗೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಇಡಿ. ಸೋರುವ ಪೆಟ್ಟಿಗೆಯನ್ನು ಕಂಡಕ್ಟರ್ ಹತ್ತಿಸಿಕೊಳ್ಳುವುದಿಲ್ಲ.